ಕೂದಲಿಗೆ ಬಂದ ಡಬ್ಬಿ

ಆ ಹುಡುಗಿಯ ಗಲ್ಲ ತುಂಬಿಕೊಂಡಿತ್ತು. ಫೋಟೋದಲ್ಲಿ ಮೊದಲು ಕಂಡದ್ದು ಅದೇ. ಆಮೇಲೆ ತಲೆಗೆ ಸುತ್ತಿದ ಗುಲಾಬಿ ಓಢಣಿ, ಆಮೇಲೆ ಕೈಯಲ್ಲಿದ್ದ ಅರ್ಧ ತಿಂದ ಪರೋಟಾ. ದಾನೇಶ್ವರಿ ಫೋನನ್ನು ಬಚ್ಚಲ ಕಟ್ಟೆಯ ಮೇಲೆ ಬೋರಲು ಹಾಕಿ ಮಗನ ಹಣೆ ಹಿಡಿದಳು. ಸುಮಿತ ಇನ್ನೊಮ್ಮೆ ವಾಂತಿ ಮಾಡಿದ. ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಹಳದಿ ನೀರು ಬಂತು.

"ಆತು, ಮುಗೀತು," ಅಂದಳು.

"ಪ್ರತಿ ಆಯ್ತಾರ ಮುಗೀತು ಅಂತಿ, ಮಮ್ಮಿ."

ಶನಿವಾರ ಇಂಜೆಕ್ಷನ್, ರವಿವಾರ ವಾಂತಿ, ಸೋಮವಾರ ಶಾಲೆ ಇಲ್ಲ. ಬಹಳ ದಿನದಿಂದ ಈ ಮನೆಯ ಪಂಚಾಂಗ ಇಷ್ಟೇ. ಹನ್ನೆರಡು ವರ್ಷದ ಹುಡುಗ ಒಂಬತ್ತು ವರ್ಷದವನ ಅಂಗಿ ತೊಡುತ್ತಿದ್ದ. ಕರುಳಿನ ಒಳಗೆ ಹುಣ್ಣು. ಹೊರಗಿನ ಶತ್ರು ಯಾರೂ ಇಲ್ಲದೆ ಮೈ ತನ್ನ ಮೇಲೆ ತಾನೇ ಯುದ್ಧ ಹೂಡಿದೆ ಎಂದು ಡಾಕ್ಟರು ವಿವರಿಸಿದ್ದರು. ನೀವು ಜೀವಶಾಸ್ತ್ರ ಕಲಿಸುವವರು, ನಿಮಗೆ ಹೇಳುವುದು ಸುಲಭ ಎಂದೂ ಸೇರಿಸಿದ್ದರು. ಸುಲಭವೇ ಆಗಿತ್ತು, ಅವರಿಗೆ.

ಈ ಬೇನೆಗೆ ಒಂದು ಚಿಕ್ಕ ಹಳದಿ ಗುಳಿಗೆ ಇತ್ತು. ಅದನ್ನು ಕೊಡುವ ಮೊದಲು ಸುಮಿತನ ರಕ್ತ ದೂರದ ಲ್ಯಾಬಿಗೆ ಹೋಯಿತು. ಗುಳಿಗೆಯ ವಿಷವನ್ನು ಮೈಯೊಳಗೆ ಮುರಿಯುವ ಕೆಲಸ ಒಂದು ಜೀನಿನದು. ಸುಮಿತನಲ್ಲಿ ಅದರ ಎರಡೂ ಪ್ರತಿ ಕೆಟ್ಟಿದ್ದವು. ಒಂದು ತಂದೆಯಿಂದ ಬಂದದ್ದು, ಇನ್ನೊಂದು ತಾಯಿಯಿಂದ.

"ಕೊಟ್ವಿ ಅಂದ್ರ ಮೊದಲ ಕೂದಲಾ ಕೈಗೆ ಬರತಾವ," ಅಂದಿದ್ದರು ಡಾಕ್ಟರು. "ಆಮ್ಯಾಲೆ ರಕ್ತದಾಗಿನ ಬಿಳಿ ಕಣ ಕುಸೀತಾವ. ಆಮ್ಯಾಲೆ ಜ್ವರ. ಆ ಜ್ವರ ನಮ್ಮ ಕೈಯಾಗ ಇರೂದಿಲ್ರೀ."

ಹೀಗಾಗಿ ಗುಳಿಗೆ ಇಲ್ಲ. ವಾರಕ್ಕೊಂದು ಇಂಜೆಕ್ಷನ್.

ಪ್ರತಿ ವರ್ಷ ಅವಳು ಬಿ.ಎಸ್ಸಿ. ಹುಡುಗಿಯರಿಗೆ ಬೋರ್ಡಿನ ಮೇಲೆ ನಾಲ್ಕು ಮನೆಯ ಚೌಕ ಬರೆದು ತೋರಿಸುತ್ತಿದ್ದಳು. ತಂದೆ ಮೇಲೆ, ತಾಯಿ ಎಡಕ್ಕೆ. ಇಬ್ಬರೂ ನೋಡಲು ನೆಟ್ಟಗೇ ಇರುತ್ತಾರೆ. ನಾಲ್ಕರಲ್ಲಿ ಒಂದು ಮನೆ, ಕೆಳಗಿನ ಬಲಮೂಲೆಯದು, ಇಬ್ಬರ ಕೆಟ್ಟದ್ದನ್ನೂ ಪಡೆಯುತ್ತದೆ. ಹಿಂದಿನ ಬೆಂಚಿಗೂ ಕಾಣಲೆಂದು ಆ ಮೂಲೆಯ ಮನೆಗೆ ಅವಳು ಸೀಮೆಸುಣ್ಣ ತುಂಬುತ್ತಿದ್ದಳು. ಈ ವರ್ಷ ತುಂಬಲಿಲ್ಲ. ಯಾರೂ ಕೇಳಲಿಲ್ಲ.

ಜನ್ನತಳಿಗೆ ಆ ಗುಳಿಗೆ ನಡೆದಿತ್ತು.

ಫೋಟೋದ ಹುಡುಗಿ ಅವಳೇ. ಖಾನಾಪುರದವಳು, ಸುಮಿತನಿಗಿಂತ ಒಂದು ವರ್ಷ ಚಿಕ್ಕವಳು. ಆಸ್ಪತ್ರೆಯ ಅದೇ ಬೆಂಚಿನ ಮೇಲೆ ಅದೇ ಬೇನೆಗೆ ಕೂತವಳು. ಒಂದು ಕಾಲಕ್ಕೆ ಸುಮಿತನಿಗಿಂತಲೂ ಬಡಕಲಾಗಿದ್ದಳು. ಆಗ ಅವಳ ತಾಯಿ ಖುಶ್ನುಮಾ ಮತ್ತು ದಾನೇಶ್ವರಿ ಒಂದೇ ಫ್ಲಾಸ್ಕಿನಿಂದ ಚಹಾ ಕುಡಿಯುತ್ತಿದ್ದರು. ಹುಡುಗಿಯ ರಕ್ತವೂ ಆ ಲ್ಯಾಬಿಗೆ ಹೋಗಿ ದಾರಿಯಲ್ಲಿ ಕೆಟ್ಟಿತು. ಇನ್ನೊಮ್ಮೆ ಕೊಡಲು ಅವಳು ಒಪ್ಪಲಿಲ್ಲ. ವಾರಕ್ಕೊಮ್ಮೆ ರಕ್ತ ಎಣಿಸುವುದು ತಪ್ಪಬಾರದು ಎಂದು ಕಟ್ಟುಮಾಡಿ ಡಾಕ್ಟರು ಗುಳಿಗೆ ಶುರು ಮಾಡಿದ್ದರು. ಜೊತೆಗೆ ಸ್ಟೆರಾಯ್ಡು. ಹುಡುಗಿ ಉಣ್ಣತೊಡಗಿದಳು. ಒಂದು ತಿಂಗಳಿಂದ ಫೋಟೋಗಳು ಬರುತ್ತಿದ್ದವು. ಪರೋಟಾ, ಇಡ್ಲಿ, ಒಮ್ಮೆ ಬೇಕರಿಯ ಕ್ರೀಮ್ ರೋಲ್.

ಕ್ರೀಮ್ ರೋಲಿನ ದಿನ ದಾನೇಶ್ವರಿ ಫೋನ್ ಮಾಡಿದ್ದಳು.

"ಗಲ್ಲ ತುಂಬಿದ್ದು ಆರಾಮ ಆಗಿದ್ದಕ್ಕಲ್ಲ, ಖುಶ್ನುಮಾ. ಸ್ಟೆರಾಯ್ಡ್ ಕೊಟ್ಟಾರಲ್ಲ, ಅದರ ಬಾವು ಅದು."

ಶಾಸ್ತ್ರದ ಪ್ರಕಾರ ಸರಿಯಾದ ಮಾತು. ಆ ಕಡೆಯಿಂದ ಖುಶ್ನುಮಾ, "ಇದ್ದೀತ್ರೀ ಅಕ್ಕಾರ," ಅಂದಳು. ಸಿಟ್ಟಿನಿಂದ ಅಂದಿದ್ದರೆ ಸುಲಭವಾಗುತ್ತಿತ್ತು.

ದಾನೇಶ್ವರಿ ಸೀರೆ ಉಟ್ಟು ಹೊರಗೆ ಬಂದಾಗ ಗಂಡ ಕಲ್ಮೇಶ ಪೇಪರಿನಿಂದ ತಲೆ ಎತ್ತಿದ.

"ಹೋಗಾಕಽ ಬೇಕೇನ?"

"ಊಟಕ್ಕ ಕರದಾರ. ಹುಡುಗಿ ಆರಾಮಾದ್ಲಂತ ಹರಕಿ ತೀರಸ್ತಾರ."

"ಮತ್ತ ಮುಖ ಯಾಕ ಹಂಗ? ಆ ಹುಡುಗಿ ಆರಾಮಾದ್ರ ನಿನಗೇನ ತ್ರಾಸು?"

"ನನಗೇನೂ ಇಲ್ಲ."

"ಹಂಗಂದ್ರ ಆತು."

ಅವನು ಪೇಪರನ್ನು ಅಂಚಿಗೆ ಅಂಚು ಕೂಡಿಸಿ ಮಡಚಿದ. ಸುಮಿತನ ವರದಿ ಬಂದ ದಿನವೂ ಹೀಗೇ ಮಡಚಿ, "ಅರ್ಧಾ ನಂದು, ಅರ್ಧಾ ನಿಂದು, ಬರೋಬ್ಬರಿ ಆತು," ಅಂದಿದ್ದ. ಅದು ಸಮಾಧಾನವೋ ಚೇಷ್ಟೆಯೋ ಅವಳಿಗೆ ಇನ್ನೂ ತಿಳಿದಿರಲಿಲ್ಲ.

ಶಹಾಪುರದ ಓಣಿಯಲ್ಲಿ ರವಿವಾರವೂ ಮಗ್ಗ ನಿಂತಿರಲಿಲ್ಲ. ಆ ಖಟಖಟ ಬೆನ್ನ ಹಿಂದೆ ಬಹಳ ದೂರ ಬಂತು. ದಾರಿಯಲ್ಲಿ ಒಂದು ಅಂಗಡಿಯ ಮುಂದೆ ನಿಂತು ಜನ್ನತಳಿಗೆಂದು ಎರಡು ಕೂದಲ ಕ್ಲಿಪ್ಪು ಕೊಂಡಳು. ಹಸಿರು, ಮೇಲೆ ಚಿಟ್ಟೆ. ಆ ಹುಡುಗಿಗೆ ಬೇನೆಯಲ್ಲೂ ಉಳಿದದ್ದೆಂದರೆ ಕೂದಲು. ಎರಡು ಹೆರಳು ಹಾಕಿದರೆ ಸೊಂಟ ಮುಟ್ಟುತ್ತಿತ್ತು. ಕೊಳ್ಳುವಾಗ ದಾನೇಶ್ವರಿಗೆ ತನ್ನ ಬಗ್ಗೆ ಸ್ವಲ್ಪ ಒಳ್ಳೆಯ ಅಭಿಪ್ರಾಯ ಬಂತು.

ಬಸ್ಸು ಪೀರನವಾಡಿ ದಾಟಿತು. ಅವಳು ಕಿಟಕಿಗೆ ಹಣೆ ಹಚ್ಚಿ ಪ್ರಾಮಾಣಿಕಳಾಗಿರಲು ಪ್ರಯತ್ನಿಸಿದಳು. ಆ ಹುಡುಗಿಗೆ ಕೆಟ್ಟದ್ದಾಗಲಿ ಎಂದು ಅವಳು ಎಂದೂ ಬಯಸಿರಲಿಲ್ಲ. ಇಷ್ಟು ಬೇಗ ಒಳ್ಳೆಯದಾಗಬಾರದಿತ್ತು, ಅಷ್ಟೇ. ಸುಮಿತ ಒಂದು ಮೆಟ್ಟಿಲು ಹತ್ತಿದ ಮೇಲೆ ಅವಳು ಒಂದು ಹತ್ತಬಹುದಿತ್ತು. ಬೆಂಚಿನ ಮೇಲೆ ಇಬ್ಬರೂ ಕೂತಿದ್ದಾಗ ಬೇನೆ ಬೇನೆಯಾಗಿತ್ತು. ಒಬ್ಬಳು ಎದ್ದು ಹೋದಳು. ಉಳಿದವನದು ಈಗ ಬೇನೆಯಲ್ಲ, ಹಣೆಬರಹ.

ಎದುರಿನ ಸೀಟಿನಲ್ಲಿ ಒಂದು ಮಗು ಶೇಂಗಾ ತಿನ್ನುತ್ತಿತ್ತು. ಅದು ನುಂಗುವುದನ್ನು ಅವಳು ಇಳಿಯುವ ತನಕ ನೋಡಿದಳು.

ಖುಶ್ನುಮಾಳ ಗಂಡ ಆಸೀಫನದು ಹಂಚಿನ ವ್ಯಾಪಾರ. ಮನೆಯ ಮುಂದೆ ಕೆಂಪು ಹಂಚುಗಳ ಸಾಲು, ನಡುವೆ ಒಬ್ಬರು ಹಾಯುವಷ್ಟು ದಾರಿ. ಬಾಗಿಲಲ್ಲಿ ಹೊರಸಿನ ಮೇಲೆ ಅವನ ತಾಯಿ ಹುಸೇನಬೀ ಕೂತಿದ್ದಳು. ಕಣ್ಣಿಗೆ ಮೋಡ ಕವಿದಂತೆ ಪೊರೆ. ಆದರೂ ಬಂದವರನ್ನು ಹೆಜ್ಜೆಯ ಸಪ್ಪಳದಿಂದಲೇ ಗುರುತಿಸುತ್ತಿದ್ದಳು.

"ಬರ್ರಿ ಬಾಯಾರ, ಕುಂದರ್ರಿ. ಹುಡುಗನ್ನ ಯಾಕ ಬಿಟ್ಟ ಬಂದ್ರಿ?"

"ಅವಗ ಇವತ್ತ ಆಗೂದಿಲ್ರೀ ಅಮ್ಮಾ. ನಿನ್ನೆ ಇಂಜೆಕ್ಷನ್ ಆಗೇತಿ."

"ಅಯ್ಯ, ಇನ್ನೂ ಅದಽ ನಡದೈತೇನ?"

ಮುದುಕಿ ಕನಿಕರದಿಂದಲೇ ಕೇಳಿದಳು. ದಾನೇಶ್ವರಿ 'ಇನ್ನೂ' ಎಂಬ ಮಾತನ್ನು ಮಾತ್ರ ಎತ್ತಿಕೊಂಡು ಒಳಗೆ ನಡೆದಳು.

ಹರಕೆಯ ಓದಿಕೆ ಬೆಳಿಗ್ಗೆಯೇ ಮುಗಿದು ಬಂದವರೆಲ್ಲ ಹೋಗಿದ್ದರು. ಆಸೀಫ ಯಾವುದೋ ಹಂಚಿನ ಲಾರಿಯ ಜೊತೆ ಜಾಂಬೋಟಿ ಕಡೆ ಹೋಗಿದ್ದ. ಅಡುಗೆಮನೆಯಲ್ಲಿ ಖುಶ್ನುಮಾ ಒಬ್ಬಳೇ ಚಪಾತಿ ಲಟ್ಟಿಸುತ್ತಿದ್ದಳು. ಮುಖದಲ್ಲಿ ಆಸ್ಪತ್ರೆಯ ದಿನಗಳ ಗೆರೆ ಒಂದೂ ಉಳಿದಿರಲಿಲ್ಲ. ಅಂಥ ಗೆರೆ ಇಷ್ಟು ಸಲೀಸಾಗಿ ಅಳಿಸಿಹೋಗುತ್ತದೆ ಎಂದು ದಾನೇಶ್ವರಿಗೆ ಗೊತ್ತಿರಲಿಲ್ಲ.

"ನಮ್ಮದು ಬ್ಯಾರೆ ಒಲಿ ಮ್ಯಾಲೆ ಆಗೇತ್ರೀ ಅಕ್ಕಾರ. ನಿಮ್ಮದೆಲ್ಲಾ ಬ್ಯಾರೆ. ಶೀರಾ ಅಂತೂ ಹೊಸಾ ಡಬ್ಬಿದಾಗ ಹಾಕೀನಿ. ಒಂದ ಸಲಾನೂ ಮತ್ತೇನೂ ಬಿದ್ದಿಲ್ಲ ಅದರಾಗ."

"ಅಷ್ಟೆಲ್ಲಾ ಯಾಕ ಮಾಡಾಕ ಹೋದಿ? ನಾ ಹಂಗೇನ ನೋಡೂದಿಲ್ಲ."

ನೋಡುತ್ತಿದ್ದಳು. ಬಸ್ಸಿನಲ್ಲಿಯೇ ಅದನ್ನು ಯೋಚಿಸಿದ್ದಳು. ಮುಚ್ಚಳ ಸಹಿತ ದೊಡ್ಡ ಸ್ಟೀಲಿನ ಡಬ್ಬಿ ಕಟ್ಟೆಯ ಮೇಲೆ ಹೊಳೆಯುತ್ತಿತ್ತು.

"ರೊಕ್ಕಾ ಕೊಟ್ಟ ತಂದದ್ದಲ್ಲ ತಗೋರಿ," ಹುಸೇನಬೀ ಬಾಗಿಲಿನಿಂದಲೇ ಕೂಗಿದಳು. ಅವಳ ಕಿವಿ ಕಣ್ಣಿನ ಪಾಲನ್ನೂ ಉಂಡಿತ್ತು. "ಕೂದಲಾ ಕೊಟ್ಟ ತಗೊಂಡದ್ದು."

ಆ ರೂಢಿ ದಾನೇಶ್ವರಿಗೂ ಗೊತ್ತು. ತಲೆ ಹಿಕ್ಕಿದಾಗ ಬಂದ ಕೂದಲನ್ನು ಹೆಂಗಸರು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ತುರುಕಿ ಕೂಡಿಡುತ್ತಾರೆ. ಭಾಂಡೆಯ ಬುಟ್ಟಿ ಹೊತ್ತು ಬರುವವಳು ತೂಗಿ ನೋಡಿ ಬದಲಿಗೆ ಪಾತ್ರೆ ಕೊಟ್ಟು ಹೋಗುತ್ತಾಳೆ. ದಾನೇಶ್ವರಿಯ ತಾಯಿ ಸಂಗವ್ವ ಹಾಗೆ ಒಂದು ಹಾಲಿನ ಚೊಂಬು ತೆಗೆದುಕೊಂಡಿದ್ದಳು. ಐದಾರು ವರ್ಷದ ಕೂದಲಿಗೆ.

"ನನ್ನ ಲಗ್ನ ಆದಾಗಿಂದ ಕೂಡಸ್ತೇನ್ರೀ ನಾನು," ಮುದುಕಿ ನಗುತ್ತ ಹೇಳಿದಳು. "ವರ್ಷ ಕೂಡಿಸಿದ್ರ ಒಂದ ಚಮಚಾ, ನಾಕ ಪಿನ್ನು. ಈ ಸಲ ನೋಡ್ರಿ, ತಿಂಗಳ ತುಂಬೂದ್ರಾಗ ಡಬ್ಬಿ ಬಂತು. ಭಾಂಡೇದಾಕಿ ಬೆರಗಾದ್ಲು. ಯಾರದ ಬೇ ಇಷ್ಟ ಉದ್ದನ್ನ ಕೂದಲಾ ಅಂದ್ಲು. ನನ್ನ ಮೊಮ್ಮಗಳದು ಅಂದೆ."

"ಯಾರದು?"

ಕೇಳಿಸಿದ್ದರೂ ದಾನೇಶ್ವರಿ ಕೇಳಿದಳು.

"ಜನ್ನತಂದು. ಬ್ಯಾಸಿಗಿ ನೋಡ್ರಿ, ಎಲ್ಲಾರದೂ ಉದರತಾವ. ಮ್ಯಾಲೆ ಮಂದಿ ಕಣ್ಣಿನ ನೆದರ ಬ್ಯಾರೆ. ಬಂದವರೆಲ್ಲಾ ಕೂದಲಾ ಕೂದಲಾ ಅಂದ್ರ ಏನಾದೀತು?"

ಖುಶ್ನುಮಾ ಚಪಾತಿ ಮಗುಚಿದಳು. "ಎಣ್ಣಿ ಬದಲ ಮಾಡೀನ್ರೀ ಅಕ್ಕಾರ. ನಿಂದರತಾವ."

"ಈ ವಾರ ರಕ್ತಾ ತಗಸಿದ್ದೇನ?"

"ಇಲ್ರೀ. ಹೋದ ವಾರಾನೂ ಆಗಲಿಲ್ಲ. ಕೈ ನೀಲಿಗಟ್ಟಿತ್ತು, ಒಲ್ಲೆ ಅಂತ ಅತ್ಲು. ಉಣ್ಣಾಕತ್ತಾಳಲ್ಲ, ಸುಮ್ನ ಯಾಕ ಚುಚ್ಚಸೂದು ಅಂದ್ರು ಇವರು. ಮುಂದಿನ ವಾರ ಹೋಗೂಣು ಅಂದಾರ."

ದಾನೇಶ್ವರಿ ಡಬ್ಬಿಯನ್ನು ನೋಡಿದಳು. ಅದರ ಹೊಟ್ಟೆಯಲ್ಲಿ ಅವಳ ಮುಖ ಅಗಲವಾಗಿ, ಗಲ್ಲ ತುಂಬಿಕೊಂಡು ಕಾಣಿಸಿತು.

ಜನ್ನತ ಹಿತ್ತಲಿನಿಂದ ಬಂದಳು. ಮನೆಯೊಳಗೂ ಓಢಣಿ ಹಣೆಯ ತನಕ ಎಳೆದಿತ್ತು. ಕ್ಲಿಪ್ಪು ಕಂಡು ಅವಳ ಕೈ ಮುಂದೆ ಬಂತು, ಆಮೇಲೆ ನಿಂತಿತು.

"ಆಮ್ಯಾಲೆ ಹಾಕೋತೀನ್ರೀ ಆಂಟಿ."

"ಈಗಽ ಹಾಕೋ, ಆಂಟಿ ನೋಡಲಿ," ಅಂದಳು ಖುಶ್ನುಮಾ. "ಒಳಗ ಕರಕೊಂಡ ಹೋಗ್ರಿ ಅಕ್ಕಾರ. ನನ್ನ ಕೈಯೆಲ್ಲಾ ಹಿಟ್ಟು."

ಒಳಕೋಣೆಯಲ್ಲಿ ಹುಡುಗಿ ಮೊದಲು ಬಾಗಿಲು ಮುಂದೆ ಮಾಡಿದಳು. ಆಮೇಲೆ ಓಢಣಿಯ ಪಿನ್ನು ತೆಗೆದಳು.

ಬೈತಲೆ ಎರಡು ಬೆರಳು ಅಗಲವಾಗಿತ್ತು. ಎಡಗಿವಿಯ ಮೇಲೆ, ನೆತ್ತಿಯ ಹಿಂದೆ, ಬರಿಯ ಚರ್ಮ ಎಣ್ಣೆ ಸವರಿದ ಹಂಚಿನ ಹಾಗೆ ಮಿನುಗುತ್ತಿತ್ತು. ದಾನೇಶ್ವರಿ ಉಳಿದ ಕಡೆ ಒಂದು ಕ್ಲಿಪ್ಪು ಸಿಕ್ಕಿಸಿ ಕೈ ತೆಗೆದಳು. ಕ್ಲಿಪ್ಪು ಜಾರಿ ಕೆಳಗೆ ಬಿತ್ತು. ಅದು ಹಿಡಿದಿದ್ದ ಕೂದಲೂ ಅದರ ಜೊತೆಗೇ ಬಂದಿತ್ತು, ನೋವಿಲ್ಲದೆ, ಬೇರು ಸಹಿತ.

"ಅಮ್ಮಿಗೆ ಹೇಳಬ್ಯಾಡ್ರೀ."

"ಆಕಿ ನೋಡಿಲ್ಲ?"

"ನಾನಽ ಹಿಕ್ಕೋತೀನಿ. ಬಂದ ಕೂದಲಾ ದಾದಿಗೆ ಕೊಡತೀನಿ. ದಾದಿಗೆ ಸಮಾ ಕಾಣೂದಿಲ್ಲ, ಖುಷಿ ಆಗತಾಳ."

"ಜ್ವರಾ ಬಂದಿತ್ತೇನ?"

"ಇಲ್ಲ." ಹುಡುಗಿ ಓಢಣಿಯ ಪಿನ್ನನ್ನು ಬೆರಳಲ್ಲಿ ತಿರುವಿದಳು. "ಗಂಟಲಾ ನೋಯತೈತಿ. ಅಷ್ಟಽ."

"ಯಾಕ ಹೇಳಿಲ್ಲ?"

"ಹೇಳಿದ್ರ ಗುಳಿಗಿ ಬಿಡಸ್ತಾರ. ಸುಮಿತನ ಹಂಗ ಮಾಡತಾರ."

ಸುಮಿತನ ಹಾಗೆ. ಆ ಹುಡುಗಿ ಅದನ್ನು ದ್ವೇಷದಿಂದ ಹೇಳಲಿಲ್ಲ. ಗುಂಡಿಗೆ ಬಿದ್ದವನನ್ನು ತೋರಿಸಿ, ಅಲ್ಲಿ ಗುಂಡಿ ಇದೆ ಎಂದು ಹೇಳಿದ ಹಾಗೆ ಹೇಳಿದಳು.

ದಾನೇಶ್ವರಿ ಕ್ಲಿಪ್ಪು ಎತ್ತಿಕೊಂಡಳು. ಮೊದಲು ಕಣ್ಣಿಗೆ ಬಂದದ್ದು ಬೋರ್ಡು. ಚೌಕ. ಕೆಳಗಿನ ಬಲಮೂಲೆ. ಆ ಮನೆಯಲ್ಲಿ ಸುಮಿತ ಒಬ್ಬನೇ ಕೂತಿದ್ದ ಎಂದು ಅವಳು ಇಷ್ಟು ದಿನ ತಿಳಿದಿದ್ದಳು. ಅವನ ಬಾಜೂಕ್ಕೇ ಈ ಹುಡುಗಿಯೂ ಕೂತಿದ್ದಳು. ಕತ್ತಲಲ್ಲಿ ಯಾರಿಗೂ ಕಂಡಿರಲಿಲ್ಲ.

ಎದೆಯಲ್ಲಿ ಏನೋ ಸಡಿಲವಾಯಿತು. ಸಂತೋಷವಲ್ಲ. ಆದರೆ ಅದಕ್ಕೆ ಬೇರೆ ಹೆಸರು ಅವಳಿಗೆ ಸಿಗಲಿಲ್ಲ.

ಆಮೇಲೆ ಹೆದರಿಕೆ ಬಂತು. ಬರುವ ಕ್ರಮ ಮಾತ್ರ ಹಾಗಿತ್ತು: ಅದು ಮೊದಲು, ಇದು ಆಮೇಲೆ. ಆ ಕ್ರಮವನ್ನು ಅವಳು ಗಮನಿಸಿದಳು. ಗಮನಿಸುವುದೊಂದೇ ಅವಳಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ.

ಇವತ್ತೇ ಗುಳಿಗೆ ನಿಲ್ಲಿಸಬೇಕು. ಇವತ್ತೇ ಬೆಳಗಾವಿಗೆ ಒಯ್ಯಬೇಕು. ಬಾಗಿಲು ತೆಗೆದು ಇಷ್ಟು ಹೇಳಿದರೆ ಮುಗಿಯಿತು.

ಅವಳು ಓಢಣಿ ಎತ್ತಿಕೊಂಡು ಹುಡುಗಿಯ ತಲೆಗೆ ಸುತ್ತಿದಳು. ಕಿವಿಯ ಮೇಲಿನ ಬೋಳು ಕಾಣದಂತೆ ಒಂದು ಮಡಿಕೆ ಹೆಚ್ಚು ಹಾಕಿ, ಪಿನ್ನು ಚುಚ್ಚಿದಳು. ಕ್ಲಿಪ್ಪನ್ನು ಅದು ಹಿಡಿದಿದ್ದ ಕೂದಲಿನೊಂದಿಗೆ ತನ್ನ ಪರ್ಸಿಗೆ ಹಾಕಿಕೊಂಡಳು.

"ಹೆಂಗ ಕಾಣಸ್ತಾಳ್ರೀ?" ಖುಶ್ನುಮಾ ಕೇಳಿದಳು.

"ಛಂದ ಕಾಣಸ್ತಾಳ."

"ಛಂದ ಅಂದ್ರಿ," ಹುಸೇನಬೀ ಗೋಡೆ ಹಿಡಿದು ಒಳಗೆ ಬಂದಳು. "ಹಂಗಾದ್ರ ಒಂದ ಸಲ ಥೂ ಅನ್ರಿ ಬಾಯಾರ. ಛಂದ ಅಂದವರ ಥೂ ಅಂದ್ರ ನೆದರ ಹತ್ತೂದಿಲ್ಲ."

"ಅಮ್ಮಾ, ಸುಮ್ನ ಕುಂದರ್ರಿ. ಅಕ್ಕಾರು ಕಲತವರು."

"ಕಲತವರ ಕಣ್ಣು ಕಣ್ಣಲ್ಲೇನ?"

ಖುಶ್ನುಮಾ ನಕ್ಕಳು. ಜನ್ನತಳೂ ನಕ್ಕಳು. ಹುಡುಗಿ ಎರಡು ಹೆಜ್ಜೆ ಮುಂದೆ ಬಂದು, ಆಟದಂತೆ ಮುಖ ಎತ್ತಿ ಕಣ್ಣು ಮುಚ್ಚಿ ನಿಂತಳು. ದಾನೇಶ್ವರಿ ಬಾಗಿ ತುಟಿ ಕೂಡಿಸಿದಳು. ಬಾಯಲ್ಲಿ ಒಂದು ಹನಿ ತೇವ ಇರಲಿಲ್ಲ. ಮೂರು ಸಲ ಗಾಳಿ ಊದಿದಳು.

"ಬರೇ ಸಪ್ಪಳಾ ಬಂತು," ಅಂದಳು ಮುದುಕಿ. "ಇರಲಿ. ಉಣ್ರಿ."

ಉಣ್ಣುವಾಗ ಹೇಳಬಹುದು ಎಂದುಕೊಂಡಳು. ಬದನೆಕಾಯಿ ಬಡಿಸಿದರು, ಹೇಳಲಿಲ್ಲ. ಹೇಗೆ ಶುರು ಮಾಡುವುದು ಎಂಬುದೇ ತೊಡಕಾಗಿತ್ತು. ತಾನು ಡಾಕ್ಟರಲ್ಲ. ಹುಡುಗಿ ಬೇಡವೆಂದು ಕೇಳಿಕೊಂಡಿದ್ದಾಳೆ. ಮಕ್ಕಳ ನಂಬಿಕೆಯನ್ನು ಮುರಿಯಬಾರದು ಎನ್ನುತ್ತಾರೆ. ಬೇಸಿಗೆಗೆ ಕೂದಲು ಉದುರುವುದೂ ಸುಳ್ಳಲ್ಲ. ಒಂದೊಂದು ಕಾರಣವೂ ತನ್ನ ಕಾಲ ಮೇಲೆ ನಿಲ್ಲುತ್ತಿತ್ತು. ಎಲ್ಲದರ ಹಿಂದಿನ ಕಾರಣ ಮಾತ್ರ ಕೂತೇ ಇತ್ತು: ಈಗ ಹೇಳಿದರೆ, ಹೊಟ್ಟೆಕಿಚ್ಚಿನಿಂದ ಹೇಳಿದಳು ಅನ್ನುತ್ತಾರೆ. ಅವತ್ತು ಫೋನಿನಲ್ಲಿ ಆಡಿದ ಮಾತಿನಲ್ಲಿ ಸತ್ಯವಿತ್ತು, ಆದರೆ ಅವಳು ಅದನ್ನು ಸತ್ಯಕ್ಕಾಗಿ ಆಡಿರಲಿಲ್ಲ. ಇವತ್ತು ಸತ್ಯಕ್ಕಾಗಿ ಆಡಬೇಕಾದ ಮಾತು ಆ ಮಾತಿನ ಹಾಗೆಯೇ ಕೇಳಿಸುತ್ತದೆ.

ಜನ್ನತ ಚಪಾತಿಯನ್ನು ಚೂರು ಮಾಡಿ, ಪ್ರತಿ ತುತ್ತಿಗೂ ಕಣ್ಣು ಮುಚ್ಚಿ ನುಂಗುತ್ತಿದ್ದಳು. ರುಚಿಗೆ ಮುಚ್ಚುತ್ತಾಳೆ ಎಂದು ಅವಳ ತಾಯಿ ಸುಖವಾಗಿ ನೋಡುತ್ತಿದ್ದಳು.

"ಹೆಂಗ ಉಣ್ಣತಾಳ ನೋಡ್ರಿ ಅಕ್ಕಾರ."

"ಹೌದು."

ಫೋನು ಬಡಿಯಿತು. ಸುಮಿತ.

"ಮಮ್ಮಿ, ಜನ್ನತ ಹೆಂಗ ಅದಾಳ?"

"ಆರಾಮ ಅದಾಳ."

"ಕೊಡು ಆಕಿ ಕಡೆ."

"ಉಣ್ಣಾಕತ್ತಾಳ. ಆಮ್ಯಾಲೆ."

ಸುಮಿತನಿಗೆ ಗೊತ್ತು, ಕೂದಲು ಉದುರಿದರೆ ಏನರ್ಥವೆಂದು. ಡಾಕ್ಟರು ಹೇಳುವಾಗ ಅವನೂ ಅಲ್ಲೇ ಇದ್ದ. ಅವಳು ಫೋನನ್ನು ಸೆರಗಿನ ಕೆಳಗೆ ಇಟ್ಟಳು.

ಹೊರಡುವಾಗ ಖುಶ್ನುಮಾ ಉಳಿದ ಒಂದಿಷ್ಟು ಶೀರಾವನ್ನು ಅದೇ ಡಬ್ಬಿಯಲ್ಲಿ ಬಿಟ್ಟು, ಮುಚ್ಚಳ ಬಿಗಿದು ಕೈಗೆ ಕೊಟ್ಟಳು.

"ಸುಮಿತಗ. ಡಬ್ಬಿದ ಅವಸರ ಇಲ್ರೀ, ಯಾವಾಗರೆ ಬಂದಾಗ ಕೊಡ್ರಿ."

"ಬ್ಯಾರೆ ಯಾವದರಾಗರೆ ಹಾಕು. ಇದು ಹೊಸಾದು."

"ಇದರಾಗಽ ಒಯ್ರಿ. ಇದು ಆಕಿ ಹೆಸರಿಲೆ ಬಂದದ್ದು. ಅವಗೂ ಆರಾಮ ಆಗಲಿ."

ಡಬ್ಬಿ ಇನ್ನೂ ಬಿಸಿಯಾಗಿತ್ತು. ಹಂಚಿನ ಸಾಲುಗಳ ನಡುವಿನ ದಾರಿಯಲ್ಲಿ ಖುಶ್ನುಮಾ ಅವಳ ಹಿಂದೆ ಬಂದಳು. ಮನೆಗೆ ಮಾತು ಕೇಳಿಸದಷ್ಟು ದೂರ ಬಂದ ಮೇಲೆ ತೋಳು ಹಿಡಿದು ನಿಲ್ಲಿಸಿದಳು.

"ಅಕ್ಕಾರ, ಒಂದ ಕೇಳ್ಲೇನ್ರಿ? ಖರೇ ಹೇಳಬೇಕು. ಅವತ್ತ ನೀವು ಬಾವು ಅಂದಾಗಿಂದ ನನಗ ನಿದ್ದಿ ಸಮಾ ಇಲ್ಲ. ಮನ್ಯಾಗ ಯಾರ ಮುಂದೂ ಅನ್ನಾಕ ಬರೂದಿಲ್ಲ. ನೀವು ಓದಿದವರು. ಜನ್ನತ ಖರೇನ ಆರಾಮ ಆಗ್ಯಾಳಲ್ಲ?"

ಇನ್ಯಾವ ಬಾಗಿಲನ್ನೂ ಯಾರೂ ಇಷ್ಟು ಅಗಲ ತೆಗೆಯಲಾರರು. ದಾನೇಶ್ವರಿ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಖುಶ್ನುಮಾಳ ಮುಖದಲ್ಲಿ ಆ ಹಳೆಯ ಗೆರೆ ಮತ್ತೆ ಮೂಡಿತ್ತು. ಅಳಿಸಿರಲೇ ಇಲ್ಲ, ಒಳಗೆ ಬಚ್ಚಿಟ್ಟಿದ್ದಳು. ಅದನ್ನು ಕಂಡದ್ದೇ, ಏನನ್ನೋ ಮರಳಿ ಪಡೆದ ಹಾಗಾಯಿತು ದಾನೇಶ್ವರಿಗೆ.

"ರಕ್ತಾ ಒಂದ ತಗಸು," ಅಂದಳು.

"ಅವಸರ ಐತೇನ್ರಿ? ಇವತ್ತಽ ಹೋಗಬೇಕೇನ?"

"ಅವಸರ ಅಂತಲ್ಲ."

"ಮುಂದಿನ ವಾರ ಹೋದ್ರ ನಡೀತೈತಲ್ಲ?"

ಬೆಳಗಾವಿಯ ಬಸ್ಸು ತಿರುವಿನಲ್ಲಿ ಕಾಣಿಸಿತು. ಅವಳು ಅದಕ್ಕೆ ಕೈ ಮಾಡಿದಳು. ಉತ್ತರಕ್ಕೆ ಬದಲು ಆ ಕೈಯೇ ಮೇಲೆದ್ದಿತು. ಖುಶ್ನುಮಾ ಅದನ್ನು ಏನೆಂದು ತಿಳಿದಳೋ, ಸಮಾಧಾನದಿಂದ ತಲೆಯಾಡಿಸಿದಳು.

ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲೆ ಕೂತಿತ್ತು, ಹಟ ಮಾಡದ ಮಗುವಿನ ಹಾಗೆ. ಪೀರನವಾಡಿ ಬರುವುದರೊಳಗೆ ಫೋನ್ ಮಾಡುತ್ತೇನೆ ಎಂದುಕೊಂಡಳು. ಪೀರನವಾಡಿ ಬಂತು. ಬಸ್ಸಿನಲ್ಲಿ ಜನ ಕೇಳಿಸಿಕೊಳ್ಳುತ್ತಾರೆ. ಮನೆಗೆ ಹೋಗಿ ಮಾಡುವುದೇ ಸರಿ.

ಸಂಜೆಗೆ ಸುಮಿತನ ವಾಂತಿ ನಿಂತಿತ್ತು. ಡಬ್ಬಿಯ ಮುಚ್ಚಳ ತೆಗೆದಾಗ ತುಪ್ಪದ, ಏಲಕ್ಕಿಯ ವಾಸನೆ ಬಂತು. ಅವನು ತಾನಾಗಿ ಚಮಚ ತಂದು ಅಡುಗೆಮನೆಯ ನೆಲದ ಮೇಲೆ ಕೂತ. ಒಂದು ಚಮಚ ತಿಂದ. ಇನ್ನೊಂದು ತಿಂದ. ತಟ್ಟೆಗೆ ಹಾಕಿಕೊಡಲು ಬಂದ ತಾಯಿಯ ಕೈ ಸರಿಸಿ, ಡಬ್ಬಿಯನ್ನೇ ಕಾಲ ನಡುವೆ ಇಟ್ಟುಕೊಂಡ.

"ಭಾರೀ ಆಗೇತಿ, ಮಮ್ಮಿ."

ಬಾಗಿಲಲ್ಲಿ ಕಲ್ಮೇಶ ಬಂದು ನಿಂತ. ಗಂಡಹೆಂಡತಿ ಒಬ್ಬರನ್ನೊಬ್ಬರು ನೋಡಲಿಲ್ಲ. ನೋಡಿದರೆ ನಿಂತುಹೋದೀತು ಎಂಬಂತೆ ಇಬ್ಬರೂ ಚಮಚವನ್ನೇ ನೋಡಿದರು.

ಕಟ್ಟೆಯ ಮೇಲೆ ಫೋನು ಮಿಣುಕಿತು. ಖುಶ್ನುಮಾಳ ಮೆಸೇಜು. 'ಅಕ್ಕಾರ ಜನ್ನತಗ ಮೈ ಬಿಸಿ ಆಗೇತಿ. ದಣಿವಿಗೆ ಇರಬೇಕು. ಜ್ವರದ ಗುಳಿಗಿ ಕೊಟ್ಟ ಮಲಗಸ್ಲೇನ್ರಿ?'

ಅವಳು ಓದಿದಳು. ಕೆಳಗೆ ಸುಮಿತ ಡಬ್ಬಿಯ ಗೋಡೆ ಕೆರೆಯುತ್ತಿದ್ದ. ಈಗ ಫೋನ್ ಹಚ್ಚಿದರೆ ಅವನಿಗೆ ಕೇಳಿಸುತ್ತದೆ. ಜ್ವರ ಎಂಬ ಮಾತು ಕಿವಿಗೆ ಬಿದ್ದರೆ ಕೂದಲಿನ ಬಗ್ಗೆ ಕೇಳುತ್ತಾನೆ, ಚಮಚ ಕೆಳಗಿಡುತ್ತಾನೆ. ಎಷ್ಟು ದಿನದ ಮೇಲೆ ಉಣ್ಣುತ್ತಿದ್ದಾನೆ. ಮುಗಿಸಲಿ. ಇನ್ನು ನಾಲ್ಕು ಚಮಚ.

"ಜನ್ನತ ನನ್ನಕಿಂತ ಹೆಚ್ಚ ತಿಂದ್ಲೇನ?" ಅವನು ಕೇಳಿದ.

"ಇಲ್ಲ."

"ಖರೇನ?"

"ನೀನಽ ಹೆಚ್ಚ ತಿಂದಿ."

ಅವನು ನಕ್ಕ. ಖಾಲಿ ಡಬ್ಬಿಯನ್ನು ಎತ್ತಿ ತೋರಿಸಿ ಹೊರಗೆ ಹೋದ. ಕಲ್ಮೇಶ ಅವನ ಹಿಂದೆ ನಡೆಯುತ್ತ, "ಡಬ್ಬಿ ಖಾಲಿ ಕಳಸಬ್ಯಾಡ ಮತ್ತ. ಏನರೆ ಹಾಕಿ ಕೊಡು," ಅಂದ.

ಅವಳು ಡಬ್ಬಿ ತೊಳೆದಳು. ಒರೆಸಿದಳು. ಫೋನಿನ ಬಾಜೂಕ್ಕೆ ಕಟ್ಟೆಯ ಮೇಲೆ ಇಟ್ಟು, ಅದರಲ್ಲಿ ಏನು ಹಾಕಿ ಕಳಿಸುವುದು ಎಂದು ಗೋಡೆಯ ಗೂಡಿನ ಕಡೆ ಕಣ್ಣು ಹಾಯಿಸಿದಳು. ಸಕ್ಕರೆ ತಳ ಮುಚ್ಚುವಷ್ಟೂ ಇರಲಿಲ್ಲ. ಅವಲಕ್ಕಿ ಹಾಕಬಹುದು. ಅವಲಕ್ಕಿ ಸರಿಯಾಗಲಾರದು.

ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಅಷ್ಟು ದೊಡ್ಡ ಮೌನವನ್ನು ಅವಳು ಆ ಮನೆಯಲ್ಲಿ ಕೇಳಿಯೇ ಇರಲಿಲ್ಲ.

ಆ ಮೌನದಲ್ಲಿ ಫೋನು ನಡುಗತೊಡಗಿತು. ಗಂಟೆ ಬಂದ್ ಇಟ್ಟಿದ್ದಳು. ಬರಿಯ ನಡುಕ. ಪರದೆಯ ಮೇಲೆ ಖುಶ್ನುಮಾಳ ಹೆಸರಿನ ಬದಲು ಅವಳು ಹಾಕಿಕೊಂಡಿದ್ದ ಜನ್ನತಳ ಹಳೆಯ ಫೋಟೋ ಬೆಳಗಿತು: ಎರಡು ಹೆರಳು, ತುಂಬಿದ ಗಲ್ಲ. ನಡುಗುತ್ತ ನಡುಗುತ್ತ ಫೋನು ಕಲ್ಲಿನ ಕಟ್ಟೆಯ ಮೇಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿದು, ಡಬ್ಬಿಯನ್ನು ಮುಟ್ಟಿತು. ಖಾಲಿ ಡಬ್ಬಿ ಮೊಳಗಿತು. ತೆಳ್ಳಗಿನ, ಬಿಡದ ಸಪ್ಪಳ.

ಹೊರಗಿನಿಂದ ಸುಮಿತ ಕೇಳಿದ, "ಏನ ಅದು, ಮಮ್ಮಿ?"

"ಏನಿಲ್ಲ."

ಅವಳು ಡಬ್ಬಿಯ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದಳು. ಸಪ್ಪಳ ನಿಂತಿತು. ನಡುಕ ನಿಲ್ಲಲಿಲ್ಲ.